ನೂರು ಹಿಡಿಸದ ಜಾಗ

ಕಣ್ಣು ಬಿಟ್ಟಾಗ ತಲೆಯ ಮೇಲೆ ಸೂರಿರಲಿಲ್ಲ. ಎದುರಿಗೆ ಬಳ್ಳಾರಿ ಗುಡ್ಡ, ಬರೀ ಬಂಡೆ, ಅದರ ನೆತ್ತಿಯಲ್ಲಿ ಕೋಟೆ. ಪಕ್ಕದಲ್ಲಿ, ಮೊಳದೆತ್ತರದ ಗೋಡೆಯಾಚೆ, ಗುರುತೇ ಇಲ್ಲದ ಒಂದು ಸಂಸಾರ ಸಾಲಾಗಿ ಮಲಗಿತ್ತು. ಅವರಲ್ಲಿ ಎಚ್ಚರವಾಗಿದ್ದ ಅಜ್ಜಿಯೊಬ್ಬರು ನನ್ನನ್ನೇ ನೋಡುತ್ತಾ, "ನಿದ್ದಿ ಬಂತೇನವ್ವಾ?" ಎಂದರು.

ಯಜಮಾನರಿಗೆ ಬ್ಯಾಂಕಿನಲ್ಲಿ ವರ್ಗವಾಗಿ, ಸತ್ಯನಾರಾಯಣಪೇಟೆಯಲ್ಲಿ ಮನೆ ಹಿಡಿದ ಮೊದಲ ಬೆಳಗು ಅದು. ಬೇಸಿಗೆಯಲ್ಲಿ ಇಲ್ಲಿ ಓಣಿಗೆ ಓಣಿಯೇ ಮಾಳಿಗೆಯ ಮೇಲೆ, ಅಂದರೆ ತಾರಸಿಯ ಮೇಲೆ, ಮಲಗುತ್ತದೆ. ಮುಂಬಯಿಯ ನಮ್ಮ ಚಾಳಿನಲ್ಲಿ ಗೋಡೆಗೆ ಗೋಡೆ ತಾಗಿಸಿ ಬದುಕುವ ನಿಮಗೆ ಇದು ಹೇಗೆ ಕೇಳಿಸುತ್ತದೋ. ಅಲ್ಲಿ ನೆರೆಯವರ ಗೊರಕೆ ಕೇಳಿದ್ದೇನೆ. ಮುಖ ತೆರೆದು ಮಲಗಿದ್ದನ್ನು ಕಂಡಿರಲಿಲ್ಲ.

ಕನ್ನಡದ ಊರಿಗೇ ಹೋಗುತ್ತೀಯಲ್ಲ, ಭಾಷೆಯ ಚಿಂತೆಯಿಲ್ಲ ಎಂದು ನೀವೆಲ್ಲ ಹೇಳಿ ಕಳಿಸಿದಿರಿ. ತರಕಾರಿಯವಳು ಮಾತು ಶುರುಮಾಡುವುದು ತೆಲುಗಿನಲ್ಲಿ, ಜಗಳಕ್ಕೆ ಬಂದರೆ ಕನ್ನಡ. ನನ್ನ ಕನ್ನಡ ಕೇಳಿ, "ರೇಡಿಯೋದಾಗ ಮಾತಾಡ್ದಂಗ ಮಾತಾಡ್ತೀರಲ್ರೀ" ಎಂದು ನಕ್ಕಳು. ಬೆಳಿಗ್ಗೆಯ ತಿಂಡಿಗೆ ಒಗ್ಗರಣಿ ಮತ್ತು ಮಿರ್ಚಿ: ನೆನೆಸಿದ ಮಂಡಕ್ಕಿಗೆ ಒಗ್ಗರಣೆ ಕೊಟ್ಟದ್ದು, ಜೊತೆಗೆ ಮೆಣಸಿನಕಾಯಿ ಬಜ್ಜಿ. ಮೊದಲ ವಾರ ಕಣ್ಣೀರಿಟ್ಟುಕೊಂಡು ತಿಂದೆ. ಈಗ ಅದಿಲ್ಲದ ಭಾನುವಾರ ಭಾನುವಾರದ ಹಾಗಿರುವುದಿಲ್ಲ. ಮಧ್ಯಾಹ್ನದ ಹೊತ್ತು ಮಾತ್ರ ಕಷ್ಟವಾಗಿತ್ತು. ಕಿಟಕಿ ಮುಚ್ಚಿದ, ಬಿಸಿಯಾದ ಮನೆಯಲ್ಲಿ ಲೋಕಲ್ ಟ್ರೇನಿನ ಸದ್ದಿಗೆ ಕಿವಿ ಹಂಬಲಿಸುತ್ತಿತ್ತು.

ಅಂಥ ಒಂದು ಮಧ್ಯಾಹ್ನ ಯಜಮಾನರು ಸುದ್ದಿ ತಂದರು. ಬ್ರೂಸ್‌ಪೇಟೆಯ ಹತ್ತಿಬೀಜದ ಕಂಪನಿಯೊಂದು ಪುಟ್ಟ ಕಂಪ್ಯೂಟರ್ ಕೊಂಡಿದೆ, ನಡೆಸುವವರಿಲ್ಲ. ಮುಂಬಯಿಯ ಕಚೇರಿಯಲ್ಲಿ ನಾನು ಎಪಿಎಲ್ ಎಂಬ ಭಾಷೆಯಲ್ಲಿ ವರ್ಷಗಟ್ಟಲೆ ಲೆಕ್ಕ ಬರೆದವಳು. ಅದು ಅಂಕಿಗಳನ್ನು ಒಂದೊಂದಾಗಿ ಎತ್ತಿಕೊಳ್ಳುವುದಿಲ್ಲ. ಇಡೀ ಸಾಲನ್ನು, ಇಡೀ ಕೋಷ್ಟಕವನ್ನು ಒಂದೇ ವಸ್ತುವಿನಂತೆ ಹಿಡಿದು ಲೆಕ್ಕ ಮಾಡುತ್ತದೆ. ಕೆಲಸಕ್ಕೆ ಸೇರಿಕೊಂಡೆ. ಇಲ್ಲಿನ ಯಂತ್ರದಲ್ಲಿದ್ದದ್ದು ಅದರ ದಾಯಾದಿ ಭಾಷೆ. ಚಿಹ್ನೆಗಳು ಬಹುಪಾಲು ಅವೇ, ಕೂಡಿಸುವುದು ಗುಣಿಸುವುದು ಅದೇ. ವ್ಯತ್ಯಾಸ ತಿಳಿದದ್ದು ಉತ್ತರವನ್ನು ಕಾಗದಕ್ಕೆ ತರುವಾಗ.

ಹಳೆಯದರಲ್ಲಿ ಒಂದು ಪದ ಬರೆದು, ಅರ್ಧವಿರಾಮ ಹಾಕಿ, ಪಕ್ಕದಲ್ಲಿ ಅಂಕಿಯನ್ನಿಟ್ಟರೆ ಎರಡೂ ಒಂದೇ ಸಾಲಿನಲ್ಲಿ ಅಚ್ಚಾಗುತ್ತಿದ್ದವು. ಅಂಕಿ ತನಗೆ ಬೇಕಾದಷ್ಟು ಜಾಗ ತಾನೇ ತೆಗೆದುಕೊಳ್ಳುತ್ತಿತ್ತು. ಹೊಸದು ಹಾಗೆ ಬಿಡುವುದಿಲ್ಲ. ಅಕ್ಷರದ ಜೊತೆ ಕೂರಬೇಕಾದರೆ ಅಂಕಿ ಮೊದಲು ತಾನೂ ಅಕ್ಷರವಾಗಬೇಕು. ಹಾಗೆ ಮಾಡುವ ಚಿಹ್ನೆಯೊಂದಿದೆ. ಒಂದು ಅಕ್ಷರಕ್ಕೆ ಒಂದು ಮನೆಯಂತೆ, ಎಷ್ಟು ಮನೆ ಜಾಗ ಕೊಡಬೇಕೆಂದು ಅದಕ್ಕೆ ಹೇಳಲೂಬಹುದು. ಒಮ್ಮೆ ಅಕ್ಷರವಾದ ಎಂಬತ್ತೇಳು ನೋಡಲು ಎಂಬತ್ತೇಳೇ, ಆದರೆ ಅದಕ್ಕೆ ಒಂದನ್ನು ಕೂಡಿಸಹೋದರೆ ಯಂತ್ರ ಒಪ್ಪುವುದಿಲ್ಲ. ಇದು ನನ್ನನ್ನು ಬಹಳ ದಿನ ಕಾಡಿತು. ಹೊಸ ಜಾಗದಲ್ಲಿ ಹೊಂದಿಕೊಂಡು ಕೂರುವುದಕ್ಕೆ ಏನನ್ನೋ ಬಿಟ್ಟುಕೊಡಲೇಬೇಕೇನೋ.

ನನ್ನ ಕೆಲಸ ಮೊಳಕೆಯ ಪಟ್ಟಿ ತೆಗೆಯುವುದು. ಕುರುಗೋಡು, ಸಿರುಗುಪ್ಪದ ಕಡೆಯ ರೈತರು ಹೂವಿಂದ ಹೂವಿಗೆ ಕೈಯಾರೆ ಪರಾಗ ಮುಟ್ಟಿಸಿ ಬೆಳೆದು ತಂದ ತಳಿಬೀಜದಲ್ಲಿ ನೂರನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವೆಂದು ಎಣಿಸುತ್ತಾರೆ. ಚೆನ್ನಾಗಿ ಮೊಳೆತದ್ದು ಬಿತ್ತನೆಗೆ. ಮೊಳೆಯದ್ದು ಎಣ್ಣೆ ಮಿಲ್ಲಿಗೆ. ಮ್ಯಾನೇಜರಿಗೆ ಅಂಕಿಗಳು ಒಂದರ ಕೆಳಗೊಂದು ನೇರವಾಗಿ ನಿಲ್ಲಬೇಕಿತ್ತು. ಎಲ್ಲವೂ ಎಪ್ಪತ್ತು, ಎಂಬತ್ತರ ಆಸುಪಾಸು ಬರುತ್ತಿದ್ದುದರಿಂದ ಎರಡು ಮನೆ ಜಾಗ ಕೊಟ್ಟೆ. ಪಟ್ಟಿ ದಾರ ಹಿಡಿದಂತೆ ನೇರವಾಗಿ ಬಂತು.

ಒಂದು ಬೆಳಿಗ್ಗೆ ಗೋದಾಮಿನ ಮುಂದೆ ಗದ್ದಲ. ಮಿಲ್ಲಿಗೆ ಹೊರಟ ಬಂಡಿಯ ಮೇಲೆ, ಬೀಜದ ಚೀಲಗಳನ್ನು ತಬ್ಬಿಕೊಂಡು ಹೆಂಗಸೊಬ್ಬಳು ಕೂತಿದ್ದಾಳೆ. ಕುರುಗೋಡಿನ ಹಂಪಮ್ಮ. ಕೆಳಗೆ ನಿಂತು ಕೂಗುತ್ತಿದ್ದವನು ಗೋದಾಮಿನ ಮೇಸ್ತ್ರಿ ಹುಸೇನಪ್ಪ.

"ಇಳಿಯಬೇ ಹಂಪಮ್ಮ! ಎತ್ತಿಗೆ ನಿನ್ನ ಭಾರಾನೂ ಹೊರಸ್ತೀಯೇನು?"

"ನನ್ನ ಸಮೇತ ಗಾಣಕ್ಕ ಹಾಕು, ಎಣ್ಣಿ ಬರ್ಲಿ. ಒಂದೊಂದು ಹೂವನ್ನೂ ಕೈಯಾರ ಕ್ರಾಸ್ ಮಾಡೀನಿ ಲೇ, ನನ್ನ ಬೀಜ ಮೊಳಿಯಂಗಿಲ್ಲ ಅಂದ್ರ ಹೆಂಗ?"

"ನಾ ಅಂದೀನೇನು? ಕಾಗದದಾಗ ಚಿಕ್ಕಿ ಬಿದ್ದೈತಿ!"

ಚಿಕ್ಕಿಯೆಂದರೆ ನಕ್ಷತ್ರ. ಕೆಟ್ಟ ಚೀಲದ ಮೇಲೆ ಸೀಮೆಸುಣ್ಣದಿಂದ ಚಿಕ್ಕಿ ಬರೆದು ಮಿಲ್ಲಿಗೆ ಬೇರೆಯಿಡುವುದು ಆ ಗೋದಾಮಿನ ಹಳೆಯ ರೂಢಿ. ಪಟ್ಟಿ ಇಸಿದುಕೊಂಡು ನೋಡಿದೆ. ಹಂಪಮ್ಮನ ಚೀಲಗಳ ಎದುರು ಅಂಕಿಯೇ ಇಲ್ಲ, ಎರಡು ಚಿಕ್ಕಿ. ಹೊಸ ಭಾಷೆಯ ನಡತೆ ಅದು: ಕೊಟ್ಟ ಜಾಗದಲ್ಲಿ ಅಂಕಿ ಹಿಡಿಸದಿದ್ದರೆ ತುಂಡು ಮಾಡಿ ಸುಳ್ಳು ಹೇಳುವುದಿಲ್ಲ, ಜಾಗದ ತುಂಬ ಚಿಕ್ಕಿ ಒತ್ತುತ್ತದೆ.

"ಬಂಡಿ ನಿಲ್ಲಿಸಿ ಹುಸೇನಪ್ಪ. ಇದು ಕೆಟ್ಟ ಬೀಜವಲ್ಲ. ನೂರಕ್ಕೆ ನೂರು ಮೊಳೆತಿದೆ. ನೂರು ಬರೆಯಲು ಜಾಗ ಸಾಲಲಿಲ್ಲ."

ಅವನು ಪಟ್ಟಿಯ ಬಿಳಿ ಅಂಚನ್ನು ಬೆರಳಿನಿಂದ ಸವರಿದ. "ಇಷ್ಟು ಖಾಲಿ ಬಿದ್ದೈತಲ್ರೀ ಅಕ್ಕಾರ! ಮುಂಬೈಯಾಗ ಜಾಗ ಕಮ್ಮಿ ಅಂತ ಕೇಳಿದ್ದೆ. ಕಾಗದದಾಗೂ ಹಂಗ ಏನ್ರೀ?"

ಬಂಡಿಯ ಮೇಲಿದ್ದ ಹಂಪಮ್ಮ ನಗಲಿಲ್ಲ. "ಮಾತು ಬ್ಯಾಡ. ಬಟ್ಟಿ ಬಿಚ್ಚಿ ತೋರಿಸ್ರಿ" ಎಂದಳು.

ಪರೀಕ್ಷೆಯ ಬಟ್ಟೆಯನ್ನು ತಂದು ಬಂಡಿಯ ಮೇಲೆಯೇ ಬಿಚ್ಚಿದೆವು. ಸಾಲು ಸಾಲಾಗಿ ಬಿಳಿಯ ಬೇರು, ಒಂದೂ ತಪ್ಪದೆ. ಹಂಪಮ್ಮ ಬೆರಳಿನಿಂದ ಒಂದನ್ನು ಮುಟ್ಟಿ ನೋಡಿ, ಸೆರಗು ಕೊಡವಿಕೊಂಡು ತಾನೇ ಇಳಿದಳು. "ಇಳಸು ಈಗ, ಒಂದು ಕಾಳು ಚೆಲ್ಲಬ್ಯಾಡ" ಎಂದು ಹುಸೇನಪ್ಪನಿಗೆ ಅಪ್ಪಣೆ ಕೊಟ್ಟಳು. ಅವನು ಚೀಲದ ಮೇಲಿನ ಚಿಕ್ಕಿಗಳನ್ನು ಅಂಗೈಯಿಂದ ಒರೆಸುತ್ತಾ ಏನೋ ತೆಲುಗಿನಲ್ಲಿ ಗೊಣಗಿದ. ಅಕ್ಕಪಕ್ಕದವರೆಲ್ಲ ನಕ್ಕರು. ನನಗೆ ಅರ್ಥವಾಗಲಿಲ್ಲ, ಆದರೂ ನಕ್ಕೆ.

ಆಗಲೇ ಒಳಗೆ ಹೋಗಿ ಮೂರು ಮನೆ ಜಾಗ ಕೊಟ್ಟೆ. ಎಲ್ಲ ಅಂಕಿಗಳ ಮುಂದೂ ಒಂದು ಮನೆ ಖಾಲಿ ನಿಂತಿತು, ಹಂಪಮ್ಮನದು ಮಾತ್ರ ತುಂಬಿತು. ಲೆಕ್ಕದ ಅಂಕಿಗಳನ್ನು ಲೆಕ್ಕವಾಗಿಯೇ ಒಂದು ಕಡೆ ಉಳಿಸಿಕೊಂಡು, ಅಚ್ಚಿಗೆ ಮಾತ್ರ ಅವುಗಳ ಅಕ್ಷರರೂಪ ಮಾಡುವುದನ್ನೂ ಅಂದಿನಿಂದ ರೂಢಿಸಿಕೊಂಡೆ.

ಹೊಸ ಪಟ್ಟಿಯಲ್ಲಿ ತನ್ನ ನೂರನ್ನು ಬೆರಳಿಟ್ಟು ನೋಡಿದ ಮೇಲೆ ಹಂಪಮ್ಮ ಕೇಳಿದಳು: "ಬರೋ ವರ್ಷಾನೂ ಈ ಮಷೀನಿನ ಮುಂದ ನೀವ ಇರ್ತೀರಿಲ್ರೀ? ಬ್ಯಾರೇದವ್ರು ಬಂದು ಮತ್ತ ಜಾಗ ಸಾಲಲಿಲ್ಲ ಅಂದ್ರ ನಾ ಯಾರನ್ನ ಕೇಳ್ಲಿ?"

"ಇರ್ತೀನ್ರಿ" ಎಂದೆ. ರೇಡಿಯೋದ ಕನ್ನಡವಲ್ಲ, ಇಲ್ಲಿಯದೇ ಬಾಯಿಗೆ ಬಂತು. ಅವಳು ತಲೆಯಾಡಿಸಿ ಕುರುಗೋಡಿನ ಬಸ್ಸಿಗೆ ಹೊರಟಳು.

ಅದೇ ಸಂಜೆ ಯಜಮಾನರು ಮುಂಬಯಿಗೆ ಮರಳಿ ವರ್ಗ ಕೇಳುವ ಅರ್ಜಿ ಬರೆದು, "ಕಳಿಸಲೇನು?" ಎಂದು ನನ್ನ ಮುಂದೆ ಹಿಡಿದರು. ನಮ್ಮ ಕೋಣೆ, ನೀವೆಲ್ಲ, ಗಣಪತಿಯ ದಿನ ಮೆಟ್ಟಿಲ ಮೇಲೆ ಕೂತು ತಿನ್ನುವ ಮೋದಕ ಕಣ್ಣ ಮುಂದೆ ಬಂದವು. ಕುರುಗೋಡಿನಲ್ಲಿ ಮುಂದಿನ ಸಲ ಹತ್ತಿ ಹೂ ಬಿಡುವುದು ಯಾವ ತಿಂಗಳೆಂಬ ಲೆಕ್ಕವೂ ತಲೆಯಲ್ಲಿ ನಡೆದೇ ಇತ್ತು.

"ಕಳಿಸಿ" ಎಂದೆ. ಹಂಪಮ್ಮನಿಗೆ ಇರ್ತೀನಿ ಎಂದವಳೂ ನಾನೇ. ಎರಡನ್ನೂ ಮನಸಾರೆ ಹೇಳಿದ್ದೆ.