ಓಣಿಯ ಅತಿ ಸಣ್ಣ ಹುಡುಗಿ

ನಲವತ್ತಾರನೆಯ ವಯಸ್ಸಿನಲ್ಲಿ ನಾನು ನಮ್ಮ ಓಣಿಯ ಅತಿ ಸಣ್ಣ ಹುಡುಗಿಯಾದೆ. ಇದು ನಡೆದದ್ದು ಈ ವರ್ಷದ ಪಂಚಮಿಯ ದಿನ, ಬಿಳೂರಿನ ನನ್ನ ತವರಿನಲ್ಲಿ. ಮರುದಿನ ಬೆಳಿಗ್ಗೆಯೇ ಬರೆದಿಟ್ಟಿದ್ದೇನೆ, ಆದ್ದರಿಂದ ಇಷ್ಟನ್ನಾದರೂ ನಂಬಬಹುದು. ಅದಕ್ಕಿಂತ ಹಿಂದಿನ ಸಂಗತಿಗಳಿಗೆ ನಾನು ಜಾಮೀನು ನಿಲ್ಲಲಾರೆ.

ನಮ್ಮ ಓಣಿಗೊಂದು ಪದ್ಧತಿ ಇದೆ. ಬೇವಿನ ಮರಕ್ಕೆ ಪಂಚಮಿಯ ಜೋಕಾಲಿ ಕಟ್ಟಿದ ಮೇಲೆ ಎಲ್ಲರಿಗಿಂತ ಸಣ್ಣ ಹೆಣ್ಣುಮಗಳು ಮೊದಲು ಜೀಕಬೇಕು. ಅವಳು ಇಳಿಯುವ ತನಕ ಬೇರೆ ಯಾರೂ ಹಗ್ಗ ಮುಟ್ಟುವಂತಿಲ್ಲ. ಸೊಸೆಯರು ಮಕ್ಕಳನ್ನು ಕಟ್ಟಿಕೊಂಡು ಅವತ್ತು ತಮ್ಮ ತವರಿಗೆ ಹೋಗಿರುತ್ತಾರೆ. ಮರದ ಕೆಳಗೆ ಸೇರುವವರು ತವರಿಗೆ ಬಂದ ಓಣಿಯ ಹೆಣ್ಣುಮಕ್ಕಳು, ಅವರ ಮಕ್ಕಳು, ಮತ್ತೆ ಮುದುಕಿಯರು. ನಾನು ಸಣ್ಣವಳಿದ್ದಾಗ ಯಾರು ಮೊದಲು ಎಂದು ಕೇಳಬೇಕಾಗಿರಲಿಲ್ಲ. ಯಾವುದೋ ಒಂದು ಕೂಸು ಮಣೆಯ ಮೇಲೆ ಕುಳಿತು ಅಳುತ್ತಿತ್ತು, ಅದರ ಹಿಂದೆ ಬಾವಿಯ ತನಕ ಹುಡುಗಿಯರ ಸಾಲು ಇರುತ್ತಿತ್ತು. ಬಾವಿಯ ತನಕ ಎಂದು ಬರೆದು ಈಗ ಅನುಮಾನ ಬಂತು. ಬಾವಿ ಅಲ್ಲಿಂದ ಬಹಳ ದೂರ. ನನ್ನ ಎತ್ತರಕ್ಕೆ ಆಗ ಬರೀ ಲಂಗಗಳೇ ಕಾಣುತ್ತಿದ್ದವು, ಅದಕ್ಕೇ ಊರ ತುಂಬ ಹುಡುಗಿಯರೇ ಇದ್ದಂತೆ ನೆನಪಿರಬೇಕು.

ಈ ಸಲ ಬಂದವರು ಮೂವತ್ತು ವರ್ಷ ಹಿಂದೆ ಬರುತ್ತಿದ್ದ ಅದೇ ಹೆಣ್ಣುಮಕ್ಕಳು. ಅವರ ಬೆನ್ನ ಹಿಂದೆ ಹೊಸಬರು ಬಂದು ನಿಂತಿಲ್ಲ. ಮನೆಗೆ ನಾಲ್ಕೈದು ಹೆಣ್ಣಿದ್ದ ಕಾಲ ಹೋಗಿ ಇಬ್ಬರೇ ಮಕ್ಕಳು ಸಾಕೆಂದಾಯಿತು. ಆ ಇಬ್ಬರಲ್ಲೊಬ್ಬಳು ಹೆಣ್ಣಾಗಿದ್ದರೆ ಅವಳಿಗೆ ಪಂಚಮಿಯ ಹೊತ್ತಿಗೇ ಪರೀಕ್ಷೆ. ಮುದುಕಿಯರೂ ಮೊದಲಿನಂತೆ ಸಾಯಲು ಲಗುಬಗೆ ಮಾಡುವುದಿಲ್ಲ. ಮರದ ಕೆಳಗೆ ಎಲ್ಲಿ ನೋಡಿದರೂ ಬಿಳಿ ತಲೆ, ಕನ್ನಡಕ, ಬಾಯಿತುಂಬ ಅರಳು. ಗದ್ದಲವಂತೂ ಶಾಲೆ ಬಿಟ್ಟಂತಿತ್ತು.

ಎಲ್ಲರಿಗಿಂತ ಅವಸರ ನನ್ನ ಸೋದರತ್ತೆಗೆ. ಎಪ್ಪತ್ತು ದಾಟಿದ ಅವಳು ಪ್ರತಿ ವರ್ಷ ಗಂಡನ ಊರು ವಳಸಂಗದಿಂದ ಪಂಚಮಿಗೆ ಬರುತ್ತಾಳೆ, ನಿಂತು ಜೀಕುತ್ತಾಳೆ. ಮುಂದಿನ ವಾರ ಮಿರಜಿನಲ್ಲಿ ಅವಳ ಎರಡೂ ಮೊಣಕಾಲಿನ ಆಪರೇಷನ್ ಇತ್ತು. ಆಮೇಲೆ ಕುಕ್ಕರಿಸುವುದು ಬಂದ್ ಎಂದು ಡಾಕ್ಟರು ಹೇಳಿದ್ದರು. ಕುಕ್ಕರಿಸದೆ ನಿಂತು ಜೀಕಲಾಗುವುದಿಲ್ಲ. ಇದೇ ಕೊನೆಯ ಸಲ. ಅವಳನ್ನು ಕರೆದೊಯ್ಯಲು ಸಂಜೆಗೆ ಮಗ ಗಾಡಿ ತರುವವನಿದ್ದ; ಅವನ ಕಣ್ಣಿಗೆ ಬಿದ್ದಳೆಂದರೆ ಅದೂ ಇಲ್ಲ.

"ಲಗೂನ ಒಂದ ಹುಡುಗೀನ ಹುಡಕ್ರೆವ್ವಾ!" ಎಂದು ಕೂಗಿದಳು.

ಎದುರುಮನೆಯ ಅಜ್ಜಿ ಮೊಬೈಲ್ ತೆಗೆದಳು. "ಪುಣೇದಾಗ ನನ್ನ ಮೊಮ್ಮಗಳ ಅದಾಳ, ಐದ ತಿಂಗಳದಾಕಿ. ವಿಡಿಯೋ ಹಚ್ಚಿ ಮಣಿ ಮ್ಯಾಲ ಇಡೂಣು."

ಇಟ್ಟರು. ಟಾವೆಲ್ಲಿನಿಂದ ಕಟ್ಟಿ ತೂಗಿದರು. ಫೋನಿನೊಳಗಿಂದ ಸೊಸೆಯ ದನಿ ಬಂತು: "ಅತ್ತೀ, ಏನ ಮಾಡಾಕತ್ತೀರಿ? ಕೂಸ ಮಲಗೈತ್ರಿ, ನನಗ ತಲಿ ತಿರಗಾಕತ್ತೈತಿ!"

"ಮಲಗಿದ್ರ ನಡ್ಯಾಂಗಿಲ್ಲ," ಎಂದಳು ನನ್ನ ಅತ್ತೆ.

ಕುರಿ ಸಾಕುವ ಮನೆಯ ಅವ್ವ ಮುಂದೆ ಬಂದಳು. "ನಮ್ಮ ಕುರಿಮರಿ ಐತಿ. ಹೆಣ್ಣ. ನಿನ್ನೆ ಇದ ಓಣ್ಯಾಗ ಹುಟ್ಟೈತಿ."

"ಅದಕ್ಕ ಸೀರಿ ನೀನ ಉಡಸ್ತಿ ಏನ?" ಎಂದು ಅತ್ತೆ ಗದರಿದಳು.

ಅವಳ ಕಣ್ಣು ಅಷ್ಟರಲ್ಲಿ ನನ್ನ ಮೇಲೆ ಬಿತ್ತು. "ನಿನಗ ಎಷ್ಟಾದವು?"

"ನಲವತ್ತಾರ್ರಿ."

"ಹಲ್ಲ ಎಲ್ಲಾ ಅದಾವಲ್ಲ? ಇಕೀನ ಸಣ್ಣಾಕಿ! ಬಾ ಕೂಸ, ಕುಂದರ."

ಚಪ್ಪಾಳೆಯೋ ಚಪ್ಪಾಳೆ. ನಾನು ಹಿಂದೆ ಸರಿದೆ. ಆರನೆಯ ವಯಸ್ಸಿನಲ್ಲಿ ಇದೇ ಜೋಕಾಲಿಯಿಂದ ಬಿದ್ದವಳು ನಾನು. ಗದ್ದದ ಕೆಳಗೆ ಗಾಯದ ಗೆರೆ ಇದೆ. ಆಮೇಲೆ ಎಂದೂ ಹತ್ತಿಲ್ಲ. ಎಂ.ಎ. ಓದುವಾಗ ಗೆಳತಿಯರಿಗೆಲ್ಲ ಆ ಕಥೆ ಹೇಳಿದ್ದೇನೆ. ಡೈರಿಯಲ್ಲಿ ಒಂದು ಕಡೆ ಹಗ್ಗ ಹರಿಯಿತೆಂದು, ಇನ್ನೊಂದು ಕಡೆ ಕೈ ಜಾರಿತೆಂದು ಬರೆದಿದ್ದೇನೆ.

"ನೀ ಎಲ್ಲಿ ಬಿದ್ದಿ?" ಅತ್ತೆ ಸೊಂಟದ ಮೇಲೆ ಕೈಯಿಟ್ಟಳು. "ಶೇಂಗಾ ಉಂಡಿ ಕದ್ದ ಓಡೂಮುಂದ ಹೊಸ್ತಿಲಕ್ಕ ಬಡಕೊಂಡಿ."

"ಹೊಸ್ತಿಲ ಅಲ್ಲಬೇ, ಬಾವಿ ಕಟ್ಟಿ," ಎಂದಳು ಎದುರುಮನೆಯ ಅಜ್ಜಿ.

"ಯಾವ ಕಟ್ಟಿ? ಇಕಿಗೆ ನಮ್ಮ ಆಡ ಹಾದಿತ್ತು! ನಾನ ಅರಿಷಿಣ ಹಚ್ಚೀನಿ," ಎಂದಳು ಕುರಿ ಸಾಕುವ ಮನೆಯ ಅವ್ವ.

ಮೂವರು ಸಾಕ್ಷಿಗಳು, ಮೂರು ಹೇಳಿಕೆ. ಜೋಕಾಲಿಯನ್ನು ಮಾತ್ರ ಮೂವರೂ ನಿರ್ದೋಷಿ ಎಂದರು. ಅತ್ತೆಗೆ ತನ್ನ ಪಾಳಿ ಬೇಕಿತ್ತು, ಅದು ನನಗೆ ಗೊತ್ತಿತ್ತು. ಆದರೆ ಹಗ್ಗ ಹರಿದದ್ದೋ ಕೈ ಜಾರಿದ್ದೋ ತಿಳಿಯದ ನಾನು ಅವಳಿಗಿಂತ ದೊಡ್ಡ ಸಾಕ್ಷಿಯೇ? ಅವಳು ಒಮ್ಮೆ ರಸ್ತೆಯ ಕಡೆ ನೋಡಿದಳು, ಒಮ್ಮೆ ಹಗ್ಗದ ಕಡೆ. ನಾನು ಹೋಗಿ ಮಣೆಯ ಮೇಲೆ ಕುಳಿತೆ.

"ಸಾವಕಾಶ ದಬ್ರಿ!" ಎಂದೆ.

"ಸಣ್ಣ ಹುಡುಗೂರ ಮಾತ ಯಾರ ಕೇಳ್ತಾರ!" ಎಂದು ನಾಲ್ಕು ಕೈಗಳು ಬೆನ್ನಿಗೆ ಬಿದ್ದವು.

ಹೊಟ್ಟೆ ಕೆಳಗೇ ಉಳಿಯಿತು. ಕಾಲ ನಡುವೆ ದಾಳಿಂಬೆ ತೋಟ ಎದ್ದು ನಿಂತು ಬಿದ್ದುಹೋಯಿತು, ಶಾಲೆಯ ತಗಡು ಥಳಕ್ಕೆಂದು ಮಾಯವಾಯಿತು. ನಾನು ಕಿರುಚಿದೆ. ಕಿರುಚುವುದು ಎಲ್ಲಿ ನಗುವಾಯಿತೆಂದು ಹೇಳಲಾರೆ. ಕೆಳಗೆ ಎಲ್ಲ ಮುಖಗಳೂ ನನ್ನತ್ತ ಎತ್ತಿದ್ದವು. ಇಷ್ಟು ಅಜ್ಜಿಯರು ಒಮ್ಮೆಗೇ ನನ್ನನ್ನು ನೋಡಿ ಹಿಗ್ಗಿದ್ದು ಆರನೆಯ ವಯಸ್ಸಿನಲ್ಲೂ ಇರಲಿಕ್ಕಿಲ್ಲ.

ಇಳಿದಾಗ ನೆಲ ಇನ್ನೂ ತೂಗುತ್ತಿತ್ತು. ಅತ್ತೆ ಅಷ್ಟರಲ್ಲೇ ಕಚ್ಚೆ ಬಿಗಿದು ಮಣೆ ಹತ್ತಿದ್ದಳು. ಮೊಣಕಾಲು ಕಟಕ್ಕೆಂದವು, ಅವಳು ಅವುಗಳನ್ನು ಬೈದಳು. ನಾನು ದಬ್ಬತೊಡಗಿದೆ. ಕುಕ್ಕರಿಸಿದಳು, ಎದ್ದಳು, ಮತ್ತೆ ಕುಕ್ಕರಿಸಿದಳು. ಮೂರನೆಯ ಜೀಕಿಗೆ ಅವಳ ತಲೆ ಬೇವಿನ ಎಲೆಗಳೊಳಗೆ ಹೋಗಿ ಬಂತು.

"ಅತ್ತೀ, ಖರೇ ಹೇಳ್ರಿ!" ಎಂದು ಕೂಗಿದೆ. "ನಾ ಬಿದ್ದಿದ್ದಿಲ್ಲೇನ್ರಿ?"

ಹಿಂದಕ್ಕೆ ಬಂದವಳು, "ಬಿದ್ದಿದ್ದಿ!" ಎಂದಳು. ದೂರ ಹೋದಳು, ಎಲೆಗಳಲ್ಲಿ ಮರೆಯಾದಳು, ತಿರುಗಿ ಬಂದಳು. "ಇದರ ಮ್ಯಾಲಿಂದನ!" ಮತ್ತೆ ಹೋದಳು. ನಗು ಅಲ್ಲಿಂದಲೇ ಕೇಳಿತು, ಆಮೇಲೆ ಅವಳು ಬಂದಳು: "ನಾನ ದಬ್ಬಿದ್ನಿ!"

ಓಣಿಯ ಬಾಯಲ್ಲಿ ಗಾಡಿ ನಿಂತಿತು. "ಅವ್ವಾ! ಇಳೀಬೇ!" ಎಂದು ಮಗ ಓಡಿ ಬಂದ.

"ಇನ್ನೊಂದ ಸಲ!" ಎಂದಳು ಅತ್ತೆ, ಅವನಿಗಲ್ಲ, ನನಗೆ.

ನಾನು ಎರಡೂ ಕೈಯಿಂದ, ಇದ್ದ ಶಕ್ತಿಯನ್ನೆಲ್ಲ ಹಾಕಿ ದಬ್ಬಿದೆ.