ಕೆಂದ್ಯಾನ ಮಾರಿ ಬಿಳಿಯಾನ ತಂದವರು

ಮೊನ್ನೆ ಮೊಮ್ಮಗನ ನೆತ್ತಿಗೆ ಹಚ್ಚಲೆಂದು ಔಡಲೆಣ್ಣೆಯನ್ನು ಒಲೆಯ ಮೇಲಿಟ್ಟು, ಫೋನಿನಲ್ಲಿ ಯಾರ ಜೊತೆಗೋ ಮಾತಿಗೆ ನಿಂತೆ. ಮಾತು ಮುಗಿಯುವ ಹೊತ್ತಿಗೆ ಎಣ್ಣೆ ಸೀದು ಮನೆಯೆಲ್ಲ ಕಮಟು ವಾಸನೆ. ಹೆಂಡತಿ ಮೂಗು ಮುಚ್ಚಿಕೊಂಡು ಬಂದು ಗ್ಯಾಸ್ ಆರಿಸಿ, ನನ್ನ ಬುದ್ಧಿಗೆ ಏನೇನು ಅನ್ನಬೇಕೋ ಅಷ್ಟನ್ನೂ ಅಂದಳು. ನನಗೆ ಒಂದೂ ಕೇಳಿಸಲಿಲ್ಲ. ಸುಟ್ಟ ಔಡಲೆಣ್ಣೆ ಅಂದರೆ ನನಗೆ ಅಫಜಲಪುರ... ಬಾಗಿಲು ತೆರೆದು ನಿಂತ ಕಾರು, ಅದರ ಹಿಂದೆ ನೀಲಿ ಹೊಗೆ, ಸ್ಟಿಯರಿಂಗ್ ಮೇಲೆ ಬೆರಳಿನಿಂದ ಬಡಿಯುತ್ತ ಕೂತ ನಮ್ಮ ಸಾಹುಕಾರರು.

ಅವರು ನನ್ನ ಮನೆಯ ಮಾಲಕರು. ಊರಲ್ಲಿ ಅವರದೊಂದು ಎಣ್ಣೆ ಗಿರಣಿ, ಅತನೂರಿನ ಹಾದಿಯಲ್ಲಿ ಎರೆ ಹೊಲ. ಎಂಬತ್ತರ ದಶಕದಲ್ಲಿ ಅಲ್ಲಿನ ಹೈಸ್ಕೂಲಿಗೆ ಡ್ರಿಲ್ ಮಾಸ್ತರನಾಗಿ ಹೋದಾಗ ಅವರ ವಾಡೆಯ ಹೊರಗಿನ ಖೋಲಿಯನ್ನು ಬಾಡಿಗೆಗೆ ಹಿಡಿದೆ. ನಿಂತಲ್ಲಿ ನಿಲ್ಲದ ಹುಡುಗರನ್ನು ಸಾಲಾಗಿ ನಿಲ್ಲಿಸುವುದು ನನ್ನ ಉದ್ಯೋಗ. ನಲವತ್ತರ ಹತ್ತಿರದ ಈ ಮನುಷ್ಯನನ್ನು ಮಾತ್ರ ನಿಲ್ಲಿಸಲು ನನ್ನಿಂದ ಆಗಲಿಲ್ಲ. ಊಟಕ್ಕೆ ಕೂತರೆ ಎರಡು ರೊಟ್ಟಿಯ ನಡುವೆ ಒಮ್ಮೆ ಎದ್ದು ಅಂಗಳಕ್ಕೆ ಹೋಗಿಬರುತ್ತಿದ್ದರು. ಮದುವೆಯ ಮಾತು ಎತ್ತಿಕೊಂಡು ಬೀಗರು ಬಂದರೆ ಗಾಡಿ ಚಾಲೂ ಮಾಡಿಕೊಂಡು ಹೊರಟೇಬಿಡುತ್ತಿದ್ದರು. ಬಂದವರು ಚಹಾ ಕುಡಿದು, ಅವರ ತಾಯಿಯ ಜೊತೆ ಮಳೆಬೆಳೆಯ ಮಾತಾಡಿ ಎದ್ದುಹೋಗುವರು. ಕೊನೆಗೆ ಬರುವುದನ್ನೇ ಬಿಟ್ಟರು. ವಾಡೆಯಲ್ಲಿ ತಾಯಿ ಮಗ ಇಬ್ಬರೇ.

ಆ ಗಾಡಿ ಜಪಾನಿನದು. ಮುಂಬಯಿಯಲ್ಲಿದ್ದ ಯಾರೋ ಪರದೇಶದವರು ತಮ್ಮ ದೇಶಕ್ಕೆ ಹಿಂತಿರುಗುವಾಗ ಮಾರಿದ್ದನ್ನು ಇವರು ತಂದಿದ್ದರು. ಎರಡೇ ಬಾಗಿಲು, ಇಟ್ಟಿಗೆ ಕೆಂಪು ಬಣ್ಣ, ಕೂತರೆ ನೆಲಕ್ಕೆ ಕೂತಂತೆ. ಸಾಹುಕಾರರ ತಾಯಿ ಮೊದಲ ದಿನವೇ ಅದರ ಮೂತಿಗೆ ವಿಭೂತಿ ಹಚ್ಚಿ, ಮನೆಯ ಎತ್ತಿಗೆ ಇಟ್ಟಂತೆ ‘ಕೆಂದ್ಯಾ’ ಎಂದು ಹೆಸರಿಟ್ಟರು. ಎಳ್ಳಮಾವಾಸ್ಯೆಗೆ ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಲು ಹೋಗುವಾಗ ಊರವರೆಲ್ಲ ಚಕ್ಕಡಿಯಲ್ಲಿ ಹೊರಟರೆ ಈ ಅವ್ವನವರು ಭಜ್ಜಿಪಲ್ಯದ ಗಡಿಗೆಯನ್ನು ತೊಡೆಯ ಮೇಲೆ ಹಿಡಿದು ಕೆಂದ್ಯಾನಲ್ಲಿ ಬರುತ್ತಿದ್ದರು. ‘ಸಾವಕಾಶ ಹೊಡೀಲೇ, ಪಲ್ಯ ಚೆಲ್ಲತದ’ ಎನ್ನುವುದು ಊರಬಾಗಿಲ ಅಗಸೆಯವರೆಗೂ ಕೇಳುತ್ತಿತ್ತು.

ಆದರೆ ಕೆಂದ್ಯಾ ಬಂದದ್ದು ಪಲ್ಯ ಹೊರಲು ಅಲ್ಲ. ಮದ್ರಾಸಿನ ಕಡೆ, ಯುದ್ಧದ ಕಾಲಕ್ಕೆ ಮಾಡಿ ಆಮೇಲೆ ಪಾಳು ಬಿಟ್ಟ ವಿಮಾನಪಟ್ಟಿಯೊಂದರ ಮೇಲೆ ವರ್ಷಕ್ಕೊಮ್ಮೆ ಕಾರು ಓಡಿಸುವ ಪಂದ್ಯ ನಡೆಯುತ್ತಿತ್ತು. ದೊಡ್ಡ ದೊಡ್ಡ ಊರಿನ ಕಾರ್ಖಾನೆ ಮಾಲಕರ ಮಕ್ಕಳು ಬರುವ ಜಾಗ. ಅಲ್ಲಿಗೆ ನಮ್ಮ ಎಣ್ಣೆ ಗಿರಣಿಯವರೂ ಹೋಗುತ್ತಿದ್ದರು. ಪಂದ್ಯದ ಗಾಡಿಗೆ ಔಡಲೆಣ್ಣೆ ಒಳ್ಳೆಯದೆಂದು ಯಾರೋ ಹಳೆಯ ಓಟಗಾರ ಹೇಳಿದ್ದೇ ತಡ, ತಮ್ಮ ಗಿರಣಿಯದನ್ನೇ ಸೋಸಿ ಎಂಜಿನ್ನಿಗೆ ಬೆರೆಸುತ್ತಿದ್ದರು. ಅದಕ್ಕೇ ಆ ವಾಸನೆ. ನನ್ನನ್ನು ಜೊತೆಗೆ ಕರೆದೊಯ್ದದ್ದು ನನ್ನ ಮೇಲಿನ ಪ್ರೀತಿಯಿಂದ ಅಂತ ನಾನು ಅಂದುಕೊಂಡಿದ್ದೆ. ಶಾಲೆಯ ಸ್ಟಾಪ್‌ವಾಚು ನನ್ನ ಕೊರಳಲ್ಲಿತ್ತು, ಅದಕ್ಕೆ ಎಂಬುದು ಆಮೇಲೆ ತಿಳಿಯಿತು.

ಅಭ್ಯಾಸ ನಡೆಯುತ್ತಿದ್ದದ್ದು ಹೊಲದಲ್ಲಿ. ಎರೆ ನೆಲ ನಿಮಗೆ ಗೊತ್ತಲ್ಲ, ಮಳೆಗೆ ಬೆಣ್ಣೆ, ಬೇಸಿಗೆಗೆ ಕಾಲು ಹೋಗುವಷ್ಟು ಬಿರುಕು. ಗುಂಡುಕಲ್ಲು ಉರುಳಿಸಿ, ನೀರು ಹೊಡೆದು ಗಟ್ಟಿ ಮಾಡಿದ ನೆಲವೆಂದರೆ ರಾಶಿ ಮಾಡುವ ಕಣ ಒಂದೇ. ಆ ಕಣದ ಸುತ್ತಲೇ ಸಾಹುಕಾರರು ಒಂದು ದೊಡ್ಡ ಹಾದಿಯನ್ನು ಗಟ್ಟಿ ಮಾಡಿಸಿದ್ದರು. ತಾಯಿ ಅದಕ್ಕೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಅವರ ಕಣದಲ್ಲಿ ತೆನೆ ತುಳಿಸುವ ಎತ್ತುಗಳು ನಡುವಿನ ಮೇಟಿಕಂಬ ಎಡಕ್ಕೆ ಬರುವಂತೆಯೇ ತಿರುಗಬೇಕು. ಅವರ ಅತ್ತೆಯ ಕಾಲದಿಂದಲೂ ಹಾಗೆಯೇ.

‘ಕಣಕ್ಕ ಉಲ್ಟಾ ತಿರುಗಿದ್ರ ಹುಲುಸು ಹೋಗ್ತದ,’ ಎಂದಿದ್ದರು ಅವ್ವನವರು. ‘ಎತ್ತಿಗೂ ಅಷ್ಟ, ನಿನ್ನ ಗಾಡಿಗೂ ಅಷ್ಟ.’

ಯಾರ ಮಾತೂ ಕೇಳದ ಮನುಷ್ಯ ಈ ಒಂದು ಮಾತನ್ನು ಕೇಳಿದರು. ಎಡಕ್ಕೆ, ಎಡಕ್ಕೆ, ಬರೀ ಎಡಕ್ಕೆ. ಕೆಂದ್ಯಾನಿಗೆ ಅದರಿಂದೇನೂ ತೊಂದರೆಯಾಗಲಿಲ್ಲ. ಹಗುರ ಗಾಡಿ, ಸಾಧು ಪ್ರಾಣಿ. ತಿರುವಿನಲ್ಲಿ ಜೋರಾಯಿತು ಅನ್ನಿಸಿದರೆ ಆಕ್ಸಿಲರೇಟರಿನಿಂದ ಕಾಲು ಎತ್ತಿದರೆ ಸಾಕು, ಎಡವಿರಲಿ ಬಲವಿರಲಿ, ತಾನೇ ಸುಧಾರಿಸಿಕೊಳ್ಳುತ್ತಿತ್ತು. ಕಾಲು ಎತ್ತುವುದು ಸಾಹುಕಾರರಿಗೆ ಉಸಿರಾಡಿದಷ್ಟು ರೂಢಿಯಾಯಿತು.

ನಾನು ಜೊತೆಗೆ ಹೋದ ಮೊದಲ ವರ್ಷ ಅವರು ಮೂರನೆಯವರಾಗಿ ಬಂದರು. ನೇರ ಹಾದಿಯಲ್ಲಿ ದೊಡ್ಡ ಎಂಜಿನ್ನಿನ ಇಬ್ಬರು ಕೆಂದ್ಯಾನನ್ನು ಹಿಂದೆ ಹಾಕಿ ಹೋಗಿಬಿಟ್ಟರು. ಊರಿಗೆ ಬಂದು ಸಣ್ಣದೊಂದು ಬಟ್ಟಲನ್ನು ತಾಯಿಯ ಮುಂದೆ ಇಟ್ಟರು. ಅವ್ವನವರು ಅದನ್ನು ತಿರುಗಿಸಿ ನೋಡಿದರು.

‘ಮೂರನೇ ನಂಬರ ಅಂದ್ರ ಏನಪಾ? ನಿನ್ನ ಮುಂದ ಇಬ್ಬರು ಹೋದ್ರು ಅಂದಂಗ ಆತಲ್ಲ?’

ನಾನು ನಕ್ಕೆ. ಸಾಹುಕಾರರು ನಗಲಿಲ್ಲ. ಅವ್ವನವರೂ ನಗಲಿಲ್ಲ. ಅವರ ಯಜಮಾನರು ಸೊಲ್ಲಾಪುರದ ಹಾದಿಯಲ್ಲಿ ಲಾರಿಗೆ ಸಿಕ್ಕು ತೀರಿಕೊಂಡವರು. ಮಗ ಗಾಡಿ ಹತ್ತಿ ಹೋದಾಗಲೆಲ್ಲ ಅವರು ಬಾಗಿಲಲ್ಲೇ ಕೂತಿರುತ್ತಿದ್ದರು. ‘ಇನ್ನೊಂದ ವರ್ಷ ಹೋಗು. ಗೆದ್ರ ನಿನ್ನ ಇಚ್ಛಾ. ಇಲ್ಲಂದ್ರ ಈ ಓಟ ಬಿಟ್ಟು ಗಿರಣಿ ನೋಡ್ಕೋತ ಮನ್ಯಾಗಿರು. ನನ್ನ ಎದಿ ತಡೀವಲ್ದು ತಮ್ಮಾ’ ಎಂದರು. ಸಾಹುಕಾರರು ಕೊರಳ ಲಿಂಗ ಮುಟ್ಟಿ ಆಗಲಿ ಎಂದರು.

ಅಂದಿನಿಂದ ಅವರಿಗೆ ನಿದ್ದೆ ಇರಲಿಲ್ಲ. ಇರುವುದು ಒಂದೇ ಪಂದ್ಯ, ಕೆಂದ್ಯಾನಿಂದ ಅದನ್ನು ಗೆಲ್ಲಲು ಆಗುವುದಿಲ್ಲ. ಬೇಸಿಗೆ ಕಳೆಯಿತು, ಮಳೆಗಾಲವೂ ಕಳೆಯಿತು, ಅವರು ಅಂಗಳದಲ್ಲಿ ಕೆಂದ್ಯಾನ ಸುತ್ತ ತಿರುಗುತ್ತಲೇ ಇದ್ದರು. ದಸರೆ ಮುಗಿದ ವಾರ ನನ್ನ ಕದ ಬಡಿದು, ‘ಮಾಸ್ತರ, ಕೆಂದ್ಯಾನ ಕೊಟ್ಟುಬಿಟ್ಟೆ’ ಎಂದರು. ಆಳಂದದ ಮೆಣಸಿನಕಾಯಿ ವ್ಯಾಪಾರಿಗೆ ಕೊಟ್ಟಿದ್ದರು. ನನಗೆ ಸಿಟ್ಟು ಬಂತು. ಗಾಡಿ ನನ್ನದಲ್ಲ, ಗಂಟೂ ನನ್ನದಲ್ಲ, ಆದರೂ ಎರಡು ದಿನ ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ.

ಬಂದದ್ದೂ ಜಪಾನಿನದೇ. ಬಿಳಿ ಬಣ್ಣ, ಉದ್ದ ಮೂತಿ, ಕೆಂದ್ಯಾನಿಗಿಂತ ದೊಡ್ಡ ಎಂಜಿನ್. ಚಾಲೂ ಮಾಡಿದರೆ ವಾಡೆಯ ಕಿಟಕಿಗಳು ನಡುಗುತ್ತಿದ್ದವು. ಅವ್ವನವರು ಇದಕ್ಕೂ ವಿಭೂತಿ ಹಚ್ಚಿ ‘ಬಿಳಿಯಾ’ ಎಂದರು, ಆದರೆ ಹಚ್ಚುವಾಗ ಕೈ ಸ್ವಲ್ಪ ಹಿಂದೆ ಸರಿದದ್ದನ್ನು ನಾನು ನೋಡಿದೆ. ‘ಇದು ಕೋಡಿನಿಂದ ಹಾಯೂ ಎತ್ತಿನಂಗ ನೋಡ್ತದಲ್ಲೋ’ ಎಂದರು.

ಖರೇ ಮಾತು. ಬಿಳಿಯಾ ತಿರುವಿನಲ್ಲಿ ಕಾಲು ಎತ್ತಿಸಿಕೊಳ್ಳುವ ಗಾಡಿಯಾಗಿರಲಿಲ್ಲ. ಎತ್ತಿದರೆ ಹಿಂದಿನ ಭಾಗ ಜಾರಿ ಮುಂದಕ್ಕೆ ಬರುತ್ತಿತ್ತು. ಮೊದಲ ದಿನ ಕಣದ ಸುತ್ತ ಹಾಗೇ ಗಿರಕಿ ಹೊಡೆದು ತೊಗರಿ ಹೊಲಕ್ಕೆ ನುಗ್ಗಿದೆವು. ನಾನು ಪಕ್ಕದಲ್ಲಿದ್ದೆ. ದೂಳು ಇಳಿದ ಮೇಲೆ ಸಾಹುಕಾರರು ಸ್ಟಿಯರಿಂಗ್ ಹಿಡಿದುಕೊಂಡೇ, ‘ಕಾಲಿಗೆ ಹೊಸ ಪಾಠ ಹೇಳಬೇಕ್ರಿ ಮಾಸ್ತರ’ ಎಂದರು. ಹೇಳಿದರು ಕೂಡ. ಮುಂಜಾನೆ ಗಿರಣಿಗೆ ಹೋಗುವ ಮುಂಚೆ, ಸಂಜೆ ಗಿರಣಿಯಿಂದ ಬಂದ ಮೇಲೆ, ತೊಗರಿ ರಾಶಿ ನಡೆದಾಗ ಆಳುಗಳು ಊಟಕ್ಕೆ ಕೂತ ಹೊತ್ತಿನಲ್ಲಿ. ತಿರುವಿನಲ್ಲಿ ಕಾಲು ಎತ್ತದೆ, ಸಣ್ಣಗೆ ಒತ್ತಿಕೊಂಡೇ ಹೋಗುವುದನ್ನು ಕಾಲು ಕಲಿಯಿತು. ನನ್ನ ಸ್ಟಾಪ್‌ವಾಚು ದಿನದಿನಕ್ಕೂ ಸಂತೋಷದ ಸುದ್ದಿ ಹೇಳುತ್ತಿತ್ತು. ಎಲ್ಲ ಎಡಕ್ಕೆ... ಆ ದಿನಗಳಲ್ಲಿ ಅದು ನಮಗಿಬ್ಬರಿಗೂ ಹೊಳೆಯಲೇ ಇಲ್ಲ.

ಬಿಳಿಯಾನಲ್ಲೇ ಹೊರಟೆವು, ಜೇವರ್ಗಿ ದಾಟಿ ರಾಯಚೂರಿನ ಹಾದಿ ಹಿಡಿದು. ಹೊರಡುವಾಗ ಅವ್ವನವರು ಬಾಗಿಲಲ್ಲಿ ನಿಂತು ಕೈ ಎತ್ತಲಿಲ್ಲ, ಸುಮ್ಮನೆ ನೋಡಿದರು. ಅಲ್ಲಿ ಆ ಬಿಸಿಲು, ಆ ಸಿಮೆಂಟಿನ ಪಟ್ಟಿ, ಬಣ್ಣಬಣ್ಣದ ಗಾಡಿಗಳು. ಪಟ್ಟಿಯ ತಿರುವುಗಳೆಲ್ಲ ಎಡಕ್ಕೆ, ಕೊನೆಗೊಂದು ಮಾತ್ರ ಉದ್ದನೆಯ ಬಲತಿರುವು. ಹಿಂದಿನ ದಿನದ ಅಭ್ಯಾಸದಲ್ಲಿ ಅದನ್ನು ಮೆಲ್ಲಗೆ ದಾಟಿದರು, ಪಂದ್ಯದಲ್ಲಿಯೂ ಅಷ್ಟೇ ಜೋಕೆಯಿಂದ ದಾಟುತ್ತಿದ್ದರು. ಎಡತಿರುವುಗಳಲ್ಲಿ ಮಾತ್ರ ಅವರನ್ನು ಹಿಡಿಯುವವರೇ ಇರಲಿಲ್ಲ. ಕೊನೆಯ ಸುತ್ತಿಗೆ ಬರುವಾಗ ನಮ್ಮ ಬಿಳಿಯಾ ಎಲ್ಲರಿಗಿಂತ ಮುಂದೆ. ನಾನು ವಾಚು ನೋಡುವುದನ್ನು ಬಿಟ್ಟು ಹುಚ್ಚನಂತೆ ಕೂಗುತ್ತಿದ್ದೆ.

ಹಿಂದೆ ಒಬ್ಬ ಅಂಟಿಕೊಂಡೇ ಬರುತ್ತಿದ್ದ. ಅದಕ್ಕೇ ಬಲತಿರುವಿಗೆ ಸಾಹುಕಾರರು ಈ ಸಲ ಜೋರಾಗಿಯೇ ನುಗ್ಗಿದರು. ಜೋರು ಹೆಚ್ಚಾಯಿತು ಅನ್ನಿಸಿರಬೇಕು. ಕಾಲು ಎತ್ತಿದರು. ಬಿಳಿಯಾ ದೊಡ್ಡದೊಂದು ಗಿರಕಿ ಹೊಡೆದು, ಬಂದ ದಾರಿಗೇ ಮುಖ ಮಾಡಿ ನಿಂತಿತು. ಯಾರಿಗೂ ತಾಗಲಿಲ್ಲ, ಒಂದು ಗೀರೂ ಬೀಳಲಿಲ್ಲ. ಉಳಿದ ಗಾಡಿಗಳೆಲ್ಲ ಎರಡೂ ಬದಿಯಿಂದ ಹಾದುಹೋದವು. ಅವರು ತಿರುಗಿಸಿಕೊಂಡು ಎಲ್ಲರ ಹಿಂದೆ ಬಂದು ಮುಗಿಸಿದರು.

ಮರಳಿ ಹೊರಟು ಜೇವರ್ಗಿ ಮುಟ್ಟಿದೆವು. ಅಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಒಗ್ಗರಣೆ ಮಂಡಕ್ಕಿಯ ಸುಸಲಾ, ಮಿರ್ಚಿ ತಿನ್ನಲು ನಿಂತೆವು. ತಟ್ಟೆ ಮುಟ್ಟದೆ ಹೇಳಿದರು:

‘ಎಡಕ್ಕ ಕಾಲು ಕಲತಿತ್ರಿ ಮಾಸ್ತರ. ಬಲಕ್ಕ ಬಂದಕೂಡ್ಲೆ ಅದಕ್ಕ ಕೆಂದ್ಯಾ ನೆನಪಾದ.’

ಊರು ಮುಟ್ಟಿದಾಗ ಅವ್ವನವರು ಬಾಗಿಲಲ್ಲೇ ಇದ್ದರು. ಮಗ ಗಾಡಿಯ ಕೀಲಿಯನ್ನು ಅವರ ಉಡಿಗೆ ಹಾಕಿ ಒಳಗೆ ಹೋದರು. ಮಾತು ಕೊಟ್ಟಂತೆ ಮರುದಿನದಿಂದ ಗಿರಣಿಯ ಗಾದಿಯ ಮೇಲೆ ಕೂತರು. ಕೂತರು ಅಂದರೆ ಕೂತೇ ಇದ್ದರು. ಊಟದ ನಡುವೆ ಏಳುವುದೂ ನಿಂತಿತು. ಒಮ್ಮೆ ಮಾತ್ರ ಬಸ್ಸು ಹತ್ತಿ ಆಳಂದಕ್ಕೆ ಹೋಗಿ, ಹಿಂದಿನ ಸೀಟಿನ ತುಂಬ ಮೆಣಸಿನಕಾಯಿ ಚೀಲ ಹೊತ್ತ ಕೆಂದ್ಯಾನನ್ನು ನೋಡಿ ಬಂದರು. ಬಂದವರು ಎರಡು ಸಲ ಸೀನಿದರು. ನಗು ಬರಬೇಕಾದ ಮಾತು, ನನಗೆ ಸಂಕಟವಾಯಿತು.

ಅವ್ವನವರು ಒಂದು ದಿನ ನನ್ನ ಖೋಲಿಯ ಹೊಸ್ತಿಲಿಗೆ ಬಂದು ಕೂತು, ‘ನಿಜ ಹೇಳ್ರಿ ಮಾಸ್ತರ, ಎಲ್ಲಿ ತಪ್ಪಿತು?’ ಎಂದು ಕೇಳಿದರು. ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ತಮ್ಮ ಎರಡೂ ಕೈ ನೋಡಿಕೊಂಡರು. ‘ನನ್ನ ಕಣ ಅವನ ಕಾಲ ಕಟ್ಟಿಹಾಕ್ತು ಅನ್ರಿ’ ಎಂದಷ್ಟೇ ಅಂದು ಎದ್ದರು.

ಜೋಳದ ರಾಶಿ ಮುಗಿದು, ಕಾಳು ಮನೆಗೆ ಬಂದ ಮೇಲೆ ಒಂದು ಸಂಜೆ ಅವರು ಉಡಿಯಿಂದ ಕೀಲಿ ತೆಗೆದು ಕೊಟ್ಟು, ಮಗನನ್ನೂ ನನ್ನನ್ನೂ ಬಿಳಿಯಾನಲ್ಲಿ ಹೊಲಕ್ಕೆ ಹೊರಡಿಸಿ ತಾವೂ ಹತ್ತಿದರು. ಕಣದ ಅಂಚಿನಲ್ಲಿ ನಾನು ಇಳಿದೆ. ಅವ್ವನವರೂ ಇಳಿದು ಖಾಲಿ ಕಣಕ್ಕೆ ಕೈ ಮುಗಿದರು. ಚಪ್ಪಲಿ ಕಳೆದಿಟ್ಟು ಮತ್ತೆ ಗಾಡಿಯಲ್ಲಿ ಮಗನ ಪಕ್ಕ ಕೂತರು.

‘ಉಲ್ಟಾ ತಿರುಗಿಸು.’

‘ಬ್ಯಾಡಬೇ ಯವ್ವಾ...’

‘ತಿರುಗಿಸಂದ್ರ ತಿರುಗಿಸಲೇ. ಹುಲುಸು ಹೋದ್ರ ನನ್ನದು ಹೋಗ್ತದ. ಬರೋ ವರ್ಷ ಮತ್ತ ಹೋಗು ನೀನು.’

ತಿರುಗಿಸಿದರು. ಮೊದಲು ಎತ್ತಿನ ನಡಿಗೆಯಲ್ಲಿ, ಆಮೇಲೆ ಜೋರಾಗಿ. ಅವ್ವನವರು ಒಂದು ಕೈಯಲ್ಲಿ ಸೆರಗು, ಇನ್ನೊಂದು ಕೈಯಲ್ಲಿ ಬಾಗಿಲು ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು. ಹತ್ತಿರದಿಂದ ಹಾದಾಗಲೆಲ್ಲ ಅವರು ‘ಕಾಲು ಎತ್ತಬ್ಯಾಡ, ಕಾಲು ಎತ್ತಬ್ಯಾಡ’ ಎನ್ನುತ್ತಿದ್ದದ್ದು ನನಗೆ ಕೇಳಿಸಿತು. ಸಾಹುಕಾರರ ಕಣ್ಣಿಂದ ನೀರು ಇಳಿಯುತ್ತಿತ್ತು, ಕಾಲು ಎತ್ತಲಿಲ್ಲ. ವಾಚು ಒತ್ತುವುದು ನನಗೆ ನೆನಪಾಗಲಿಲ್ಲ.

ಆ ಮಳೆಗಾಲದಲ್ಲಿ ಅವ್ವನವರು ಹೋಗಿಬಿಟ್ಟರು. ನಾಲ್ಕು ದಿನದ ಜ್ವರ, ಅಷ್ಟೇ. ಊರವರು ಕಣದ ಮಾತು ಎತ್ತದೆ ಬಿಡಲಿಲ್ಲ. ಅವರ ಬಾಯಿಗೆ ಬೀಗ ಹಾಕುವವರು ಯಾರು? ಚಳಿಗಾಲ ಬಂದಾಗ, ಪಂದ್ಯದ ದಿನ ಹತ್ತಿರವಾದಾಗ, ಹೊರಡೋಣವೇ ಎಂದು ಸಾಹುಕಾರರನ್ನು ನಾನೇ ಕೇಳಿದೆ. ಅವರು ಗಾದಿಯ ಮೇಲೆ ಕೂತಲ್ಲಿಂದಲೇ ನನ್ನನ್ನು ನೋಡಿದರು.

‘ಬ್ಯಾಡ ಅನ್ನಾವ್ರೇ ಇಲ್ಲಲ್ರಿ ಈಗ. ಹೋಗಿ ಏನ್ ಮಾಡ್ಲಿ ಮಾಸ್ತರ?’

ಬಿಳಿಯಾ ಹೈದರಾಬಾದಿನ ಯಾರಿಗೋ ಹೋಯಿತು. ನನಗೆ ಇಜೇರಿಗೆ ವರ್ಗವಾಯಿತು. ಹೊರಟ ದಿನ ಅವರು ಬಸ್‌ಸ್ಟ್ಯಾಂಡಿಗೆ ಬಂದಿದ್ದರು. ಬಸ್ಸು ಬಲಕ್ಕೆ ತಿರುಗುವವರೆಗೂ ಅಲ್ಲಿಯೇ ನಿಂತಿದ್ದರು. ಕೆಲವು ವರ್ಷದ ಮೇಲೆ ಅವರೂ ತೀರಿಕೊಂಡರೆಂದು ಯಾರೋ ಹೇಳಿದರು, ಗಾದಿಯ ಮೇಲೆ ಕೂತಂತೆಯೇ. ಇತ್ತೀಚೆಗೆ ಅತನೂರಿನ ಹಾದಿಯಲ್ಲಿ ಹೋಗಬೇಕಾಗಿ ಬಂತು. ಕಣ ಇದ್ದ ಜಾಗದಲ್ಲಿ ಕಬ್ಬು ನಿಂತಿದೆ. ಈಗ ರಾಶಿ ಮಾಡಲು ಮಷೀನು ಬರುತ್ತದೆ. ಎಡಕ್ಕಾಗಲಿ ಬಲಕ್ಕಾಗಲಿ ಯಾರೂ ತಿರುಗುವುದಿಲ್ಲ.

ಸುಟ್ಟ ಎಣ್ಣೆಯನ್ನು ಚೆಲ್ಲಿ ಹೆಂಡತಿ ಬೇರೆ ಎಣ್ಣೆ ಬೆಚ್ಚಗೆ ಮಾಡಿಕೊಟ್ಟಳು. ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ನೆತ್ತಿಗೆ ಹಚ್ಚುತ್ತ ಕೂತೆ. ಕೈ ತನ್ನ ರೂಢಿಯಂತೆ ಎಡಕ್ಕೇ ಸುತ್ತುತ್ತಿತ್ತು. ನಿಲ್ಲಿಸಿದೆ. ಆಮೇಲೆ ಬಲಕ್ಕೆ ಒಂದು ಸುತ್ತು, ಮೆಲ್ಲಗೆ, ಬೆರಳು ಎತ್ತದೆ... ಯಾಕೆ ಅಳುತ್ತಿದ್ದೀರಿ ಎಂದು ಹೆಂಡತಿ ಕೇಳಿದಳು. ಹೊಗೆ ಎಂದೆ.