ಗಂಜಿ ಹಚ್ಚಿ ಅಂಟಿಸಿದ ಕಾನೂನು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಜೊಂಬಾ ಬೆಟ್ಟದ ಬುಡದಲ್ಲಿರುವ ಹಳೆಯ ಸರ್ಕಾರಿ ಕಟ್ಟಡದ ಹಿಂಬದಿ ಕೋಣೆಯೊಂದರ ಕಿಟಕಿ ಮಾತ್ರ ತೆರೆದಿದೆ. ಒಳಗೆ ಲುಫಿನಾ ಚಿವಾಯಾ ಕತ್ತರಿ ಹಿಡಿದು ನಿಂತಿದ್ದಾರೆ. ಮೇಜಿನ ಮೇಲೆ ನಾಲ್ಕು ವರ್ಷ ಹಿಂದಿನ ಸರ್ಕಾರಿ ಗೆಜೆಟ್ಟಿನ ಎರಡು ಪ್ರತಿಗಳಿವೆ. ಒಂದರಿಂದ ಎರಡು ಬೆರಳಗಲದ ಚೀಟಿ ಕತ್ತರಿಸಬೇಕು, ಇನ್ನೊಂದನ್ನು ಇಡಿಯಾಗಿ ಕೋರ್ಟಿಗೆ ಒಯ್ಯಬೇಕು. ಇಪ್ಪತ್ತಾರು ವರ್ಷದಿಂದ ಇವರು ಮಾಡುತ್ತಿರುವುದು ಇದೇ ಕೆಲಸ.

"ಈಗ ಮಾತಾಡಿಸ್ಬೇಡಿ, ಕತ್ತರಿ ಸೊಟ್ಟಗೆ ಹೋಗುತ್ತೆ" ಎನ್ನುತ್ತಾರೆ. ಪತ್ರಿಕೆಗೆ ಬರೆಯುವ ನಾನು ಟಿಪ್ಪಣಿ ಪುಸ್ತಕ ತೆರೆದು ಕೂರುತ್ತೇನೆ.

ಚೀಟಿಯಲ್ಲಿ ಇರುವುದು ಒಂದೇ ಸಾಲು: ಮೀನು ಸಾಗಾಟದ ಇಪ್ಪತ್ಮೂರನೆಯ ನಿಯಮ ರದ್ದಾಗಿದೆ. ಆ ಸಾಲು ಒಂಬತ್ತು ಗಂಟೆಯೊಳಗೆ ಸರೋವರದ ದಡದ ಚಿಪಾಲೆ ಎಂಬ ಊರಿನ ಕೋರ್ಟು ತಲುಪಬೇಕು. ತಲುಪದಿದ್ದರೆ ಮೂವರು ಹೆಂಗಸರು ಇಲ್ಲದ ಕಾನೂನಿಗೆ ಜೈಲಿಗೆ ಹೋಗುತ್ತಾರೆ.

ಈ ಊರಿನಲ್ಲಿ ನಾನು ನೆಲೆಸಿ ಹತ್ತೊಂಬತ್ತು ವರ್ಷವಾಯಿತು. ದೇಶದ ಕಾನೂನುಗಳನ್ನು ಹೇಗೆ ಸುಧಾರಿಸಬೇಕು ಎಂಬ ಸಭೆಗಳಿಗೆ ಲೆಕ್ಕವಿಲ್ಲದಷ್ಟು ಸಲ ಹೋಗಿದ್ದೇನೆ, ಅಲ್ಲಿನ ಊಟ ಉಂಡು ವರದಿ ಬರೆದಿದ್ದೇನೆ. ಒಂದು ಸಭೆಯಲ್ಲೂ ಲುಫಿನಾ ಅವರನ್ನು ಕಂಡದ್ದಿಲ್ಲ. ಆದರೆ ಸಂಸತ್ತು ತಿದ್ದಿದ್ದು ಕೋರ್ಟಿನ ಮೇಜು ಮುಟ್ಟುವುದು ಇವರ ಕೈಯಿಂದ. ಹನ್ನೆರಡು ದಪ್ಪ ಸಂಪುಟಗಳಲ್ಲಿರುವ ಕಾನೂನು ತಿದ್ದುಪಡಿಯಾದಾಗಲೆಲ್ಲ ಹೊಸದಾಗಿ ಅಚ್ಚಾಗುವುದಿಲ್ಲ. ಗೆಜೆಟ್ಟಿನಿಂದ ಹೊಸ ಸಾಲು ಕತ್ತರಿಸಿ ಹಳೆಯ ಸಾಲಿನ ಮೇಲೆ ಅಂಟಿಸಬೇಕು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ತಾರೀಖು ಹಾಕಬೇಕು. ಹದಿನೈದು ಕೋರ್ಟುಗಳ ಪುಸ್ತಕಗಳು ಇವರ ಪಾಲಿಗಿವೆ. ವರ್ಷಕ್ಕೆ ಆರುನೂರು, ಏಳುನೂರು ಚೀಟಿ. ಮಿನಿಬಸ್ಸಿನಲ್ಲಿ ಊರೂರು ಸುತ್ತಿ ಅಂಟಿಸಿ ಬರುತ್ತಾರೆ.

ನಿನ್ನೆ ಮಧ್ಯಾಹ್ನ ಚಿಪಾಲೆಯ ಕೋರ್ಟಿನ ಗುಮಾಸ್ತ ಫೋನು ಮಾಡಿದ್ದ. "ಮಾಯಿ, ಇಪ್ಪತ್ಮೂರರಲ್ಲಿ ಶಿಕ್ಷೆ ಎಷ್ಟು ದಿನ ಅಂತ ಓದಕ್ಕಾಗ್ತಿಲ್ಲ, ಹುಳ ತಿಂದಿದೆ. ನಿಮ್ಮ ಪುಸ್ತಕ ನೋಡಿ ಹೇಳ್ತೀರಾ? ನಾಳೆ ತೀರ್ಪಿದೆ." ಇಲ್ಲಿ ಹೆಂಗಸರನ್ನೆಲ್ಲ ಮಾಯಿ, ಅಂದರೆ ತಾಯಿ ಎಂದೇ ಕರೆಯುವುದು. ಲುಫಿನಾ ತಮ್ಮ ಪುಸ್ತಕ ತೆರೆದರು. ಅಲ್ಲಿ ಚೀಟಿ ಗಟ್ಟಿಯಾಗಿ ಕೂತಿತ್ತು: ರದ್ದು. ಚಿಪಾಲೆಯ ಪುಸ್ತಕಕ್ಕೂ ತಾವೇ ಅಂಟಿಸಿದ್ದು ನೆನಪಾಯಿತು. ಬೆನ್ನಿಗೇ, ಏನು ಹಚ್ಚಿ ಅಂಟಿಸಿದ್ದೆ ಎಂಬುದೂ ನೆನಪಾಯಿತು.

ಆ ವರ್ಷ ಕಚೇರಿಯಲ್ಲಿ ಗೋಂದು ಮುಗಿದಿತ್ತು. ಇವರು ಬೇಡಿಕೆ ಬರೆದರು. ಎಲೆ ಎತ್ತೋ ಗುಂಡ ಅಂದರೆ ಉಂಡವರೆಷ್ಟು ಜನ ಅಂದನಂತೆ; ಮೇಲಿನವರು ಕಳೆದ ಮೂರು ವರ್ಷದ ಗೋಂದಿನ ಬಳಕೆಯ ವಿವರ ಕೇಳಿದರು. ವಿವರ ಹೋಯಿತು, ಗೋಂದು ಬರಲಿಲ್ಲ. ಇತ್ತ ಚೀಟಿಗಳು ರಾಶಿ ಬಿದ್ದವು. ಕೊನೆಗೆ ಲುಫಿನಾ ಮನೆಯಲ್ಲಿ ಮೆಕ್ಕೆಜೋಳದ ಹಿಟ್ಟಿನ ಗಂಜಿ ಕಾಯಿಸಿ ತಂದರು.

"ಮೈಲುತುತ್ತ ಹಾಕ್ಬೇಕಿತ್ತು. ಹಾಕಿದ್ರೆ ಜಿರಲೆ ಮುಟ್ತಿರ್ಲಿಲ್ಲ. ಗೊತ್ತಿತ್ತು ನಂಗೆ" ಎಂದು ಬ್ಯಾಗಿನ ಜಿಪ್ ಎಳೆಯುತ್ತ ಹೇಳುತ್ತಾರೆ. "ಆದ್ರೆ ಅದು ವಿಷ. ಮನೇಲಿರೋದು ಒಂದೇ ದೊಡ್ಡ ಪಾತ್ರೆ. ಅದ್ರಲ್ಲೇ ಮಕ್ಕಳಿಗೆ ನ್ಸಿಮಾ ಮುದ್ದೆ ತಿರುವ್ಬೇಕು. ಹೆಂಗೆ ಹಾಕ್ಲಿ ಹೇಳಿ."

ಜಿರಲೆಗಳು ಗಂಜಿಯನ್ನೂ ತಿಂದವು, ಅದರ ಮೇಲಿನ ಚೀಟಿಯನ್ನೂ ತಿಂದವು. ಅಡಿಯಲ್ಲಿದ್ದ ಹಳೆಯ ಸಾಲು ಹೊರಬಂತು. ಆ ಸಾಲಿನ ಪ್ರಕಾರ ಒಣಮೀನನ್ನು ದಡದಿಂದಾಚೆ ಹೊತ್ತು ಮಾರುವವರ ಬಳಿ ಬಂದರಿನ ಅಧಿಕಾರಿಯ ಪತ್ರವಿರಬೇಕು. ಬಂದರು ಅಧಿಕಾರಿ ಎಂಬ ಹುದ್ದೆಯೇ ಹೋಗಿ ನಲವತ್ತು ವರ್ಷವಾಗಿದೆ. ಹೊಸ ಪೊಲೀಸನೊಬ್ಬ ಕೋರ್ಟಿನ ಪುಸ್ತಕ ನೋಡಿ ಮೂವರನ್ನು ಹಿಡಿದ. ಹನ್ನೊಂದು ದಿನದಿಂದ ಅವರು ಲಾಕಪ್ಪಿನಲ್ಲಿದ್ದಾರೆ.

ಫೋನಿನಲ್ಲೇ ತಿಳಿಸಬಾರದಿತ್ತೇ? ತಿಳಿಸಿದ್ದಾರೆ. ಚೀಟಿಯ ಫೋಟೊ ಕೂಡ ಕಳಿಸಿದ್ದಾರೆ. ಮ್ಯಾಜಿಸ್ಟ್ರೇಟ್ ಮ್ಸುಕ್ವಾ ಅವರ ಉತ್ತರ ಚುಟುಕಾಗಿತ್ತು: ಫೋನಿನಲ್ಲಿ ಬಂದದ್ದು ಕಾನೂನಲ್ಲ, ಮೂಲ ಗೆಜೆಟ್ ತನ್ನಿ. ಒಮ್ಮೆ ಶಿಕ್ಷೆ ಬಿದ್ದರೆ ಬಿಡಿಸಲು ಮೇಲಿನ ಕೋರ್ಟಿಗೆ ಹೋಗಬೇಕು. ಕಡತ ಅಲ್ಲಿಗೆ ತಲುಪುವ ಹೊತ್ತಿಗೆ ಶಿಕ್ಷೆಯೇ ಮುಗಿದಿರುತ್ತದೆ.

ಐದೂವರೆಗೆ ನಾವು ನಿಲ್ದಾಣದಲ್ಲಿದ್ದೇವೆ. ಮಿನಿಬಸ್ಸು ತುಂಬದೆ ಹೊರಡದು, ಇನ್ನೂ ನಾಲ್ಕು ಸೀಟು ಖಾಲಿ. ಲುಫಿನಾ ಗೆಜೆಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗೆ ಅವುಚಿಕೊಂಡಿದ್ದಾರೆ. ನಾನು ಕೊಡಿಸಿದ ಮಂಡಾಸಿ, ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆ, ಕೈಯಲ್ಲೇ ಇದೆ, ಅದರ ಎಣ್ಣೆ ಕಾಗದಕ್ಕೆ ತಾಗೀತೆಂಬ ಭಯಕ್ಕೆ ತಿನ್ನುತ್ತಿಲ್ಲ.

"ಅಣ್ಣಾ, ಹೊರಡಪ್ಪಾ. ಕೋರ್ಟಿಗೆ ಹೊತ್ತಾಯ್ತು."

"ಕೋರ್ಟಿಗೆ ಹೋಗೋಕೆ ಇಷ್ಟು ಅವಸರ ಪಡೋರನ್ನ ಇವತ್ತೇ ನೋಡಿದ್ದು, ಮಾಯಿ" ಎಂದು ಚಾಲಕ ನಗುತ್ತಾನೆ. ಕೊನೆಗೆ ಆ ನಾಲ್ಕು ಸೀಟಿನ ದುಡ್ಡನ್ನು ನಾನೇ ಕೊಡುತ್ತೇನೆ. ನನಗೂ ಕೂತಲ್ಲಿ ಕೂರಲಾಗುತ್ತಿಲ್ಲ.

ದಾರಿಯಲ್ಲಿ ಅವರ ಫೋನು ಹೊಡೆದುಕೊಳ್ಳುತ್ತದೆ. ಕಚೇರಿಯ ಮುಖ್ಯಸ್ಥರು. ಲುಫಿನಾ "ಹೂಂ ಸಾರ್" ಎಂದಷ್ಟೇ ಹೇಳಿ ಇಡುತ್ತಾರೆ. "ಹುಳ ತಿಂದಿದೆ ಅಂತಷ್ಟೇ ಹೇಳ್ಬೇಕಂತೆ. ಗಂಜಿ ವಿಷಯ ಎತ್ಬಾರ್ದಂತೆ" ಎನ್ನುತ್ತಾರೆ. ಗಂಜಿ ಎಂದರೆ ಹದಿನೈದೂ ಕೋರ್ಟುಗಳ ಪುಸ್ತಕದ ಮೇಲೆ ಅನುಮಾನ ಬರುತ್ತದೆ. ಇವರದು ವರ್ಷವರ್ಷವೂ ಸಾಹೇಬರ ಸಹಿಯಿಂದ ಮುಂದುವರಿಯುವ ಕೆಲಸ. ಸಹಿಯ ತಿಂಗಳು ಹತ್ತಿರದಲ್ಲೇ ಇದೆ. ಗಂಡನಿಲ್ಲದ ಮನೆ, ಓದುವ ಇಬ್ಬರು ಮಕ್ಕಳು.

ಒಂಬತ್ತಕ್ಕೆ ಏಳು ನಿಮಿಷವಿರುವಾಗ ನಾವು ಕೋರ್ಟಿನ ಮೆಟ್ಟಿಲು ಹತ್ತುತ್ತೇವೆ. ಕಟಕಟೆಯಲ್ಲಿ ಮೂವರು ಹೆಂಗಸರು. ಮುಂದೆ ನಿಂತಿರುವವರು ಅಬಿಟಿ ಕಾಸಿಮು, ಐವತ್ತು ದಾಟಿದ ಮೀನು ಮಾರುವಾಕೆ. ಮ್ಸುಕ್ವಾ ಅವರು ಗೆಜೆಟ್ಟನ್ನು ಎರಡು ಸಲ ಓದುತ್ತಾರೆ. ಮೊಹರು ನೋಡುತ್ತಾರೆ. ತಮ್ಮ ಪುಸ್ತಕದ ತೂತುಬಿದ್ದ ಹಾಳೆಯನ್ನು ಬೆಳಕಿಗೆ ಹಿಡಿಯುತ್ತಾರೆ.

"ನಿಯಮ ರದ್ದಾಗಿದೆ, ಸರಿ. ಮೂವರನ್ನೂ ಬಿಟ್ಟಿದ್ದೇನೆ. ಆದ್ರೆ ಚೀಟಿ ಯಾಕೆ ಇರ್ಲಿಲ್ಲ?"

"ಹುಳ ತಿಂದಿದೆ ಸಾರ್."

"ಈ ಪುಟದ ಬೇರೆ ಚೀಟಿ ಯಾಕೆ ತಿಂದಿಲ್ಲ?"

ಲುಫಿನಾ ಒಮ್ಮೆ ನನ್ನ ಕಡೆ ನೋಡುತ್ತಾರೆ. ಹುಳ ಎಂದು ಹೇಳಿ ಮುಗಿಸಿಬಿಡಿ ಮಾಯಿ ಎಂದು ನನ್ನ ಮನಸ್ಸು ಕೂಗುತ್ತಿದೆ, ಸುಳ್ಳೇಕೆ ಹೇಳಲಿ.

"ಆ ವರ್ಷ ಗೋಂದಿರ್ಲಿಲ್ಲ ಸಾರ್. ನಾನು ಜೋಳದ ಗಂಜಿ ಹಚ್ಚಿದ್ದೆ. ತಪ್ಪು ನಂದು."

"ಎಷ್ಟು ಕೋರ್ಟಿನ ಪುಸ್ತಕಕ್ಕೆ?"

"ಹದಿನೈದಕ್ಕೂ ಸಾರ್. ಒಟ್ಟು ನಾನೂರ ಹನ್ನೆರಡು ಚೀಟಿ."

ಗುಮಾಸ್ತ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತುತ್ತಾನೆ. ಮ್ಸುಕ್ವಾ ಅವರೇ ಲೇಖನಿ ಎತ್ತಿಕೊಂಡು ಅಷ್ಟನ್ನೂ ಬರೆಯುತ್ತಾರೆ. ಇನ್ನು ಇದು ಮೇಲಕ್ಕೆ ಹೋಗುತ್ತದೆ, ಮುಖ್ಯಸ್ಥರ ಮೇಜಿಗೂ ಬರುತ್ತದೆ.

ಹೊರಗೆ ಜಗಲಿಯಲ್ಲಿ ಅಬಿಟಿ ಕಾಸಿಮು ತಮ್ಮ ಬುಟ್ಟಿಯ ಮುಚ್ಚಳ ತೆಗೆದು ಮೂಗು ಮುಚ್ಚಿಕೊಳ್ಳುತ್ತಾರೆ. ಹನ್ನೊಂದು ದಿನ ಮುಚ್ಚಿಟ್ಟ ಮೀನಿಗೆ ಹುಳ ಬಿದ್ದಿದೆ. ಲುಫಿನಾ ಮಂಡಿಯೂರಿ ಕೂತು ಕ್ಷಮೆ ಕೇಳುತ್ತಾರೆ.

"ಏಳಮ್ಮ, ಏಳು" ಎನ್ನುತ್ತಾರೆ ಅಬಿಟಿ. "ನಿನ್ನ ಜಿರಲೆ ನನ್ನ ಹನ್ನೊಂದು ದಿನ ತಿಂತು. ಅದನ್ನ ನೀನು ವಾಪಸ್ ಕೊಡೋಕಾಗಲ್ಲ. ಇನ್ನೊಬ್ಬಳ ದಿನ ತಿನ್ನದಂಗೆ ನೋಡ್ಕೋ, ಹೋಗು."

ಲುಫಿನಾ ಹೋಗುವುದಿಲ್ಲ. ಕೋರ್ಟಿನ ಹನ್ನೆರಡೂ ಸಂಪುಟಗಳನ್ನು ಜಗಲಿಗೆ ಹೊರಿಸಿಕೊಂಡು ಬಂದು, ಹಾಳೆ ಹಾಳೆಯನ್ನೂ ಬೆರಳಿನಿಂದ ಸವರಿ ನೋಡುತ್ತ ಕೂರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಇನ್ನೂ ಮೂರು ಕಡೆ ಚೀಟಿ ಹೋಗಿರುವುದು ಸಿಗುತ್ತದೆ. ಇನ್ನು ಹದಿನಾಲ್ಕು ಕೋರ್ಟುಗಳಿವೆ, ಅವೆಲ್ಲವೂ ಇವತ್ತು ನಡೆಯುತ್ತಿವೆ.

ಕೆಲಸ ಉಳಿಯುತ್ತದೆಯೇ ಎಂದು ಕೇಳುತ್ತೇನೆ. ಅವರು ಹಾಳೆಯಿಂದ ಕಣ್ಣು ತೆಗೆಯುವುದಿಲ್ಲ.

"ಗೊತ್ತಿಲ್ಲ. ಅವ್ರು ಕಾಗದ ಕಳಿಸೋದ್ರೊಳಗೆ ಎಷ್ಟು ಕೋರ್ಟಾಗುತ್ತೋ ಅಷ್ಟು ಮುಗಿಸ್ತೀನಿ. ನೀವು ಪೇಪರಿನೋರು, ಒಂದು ಮಾತು ಬರೀರಿ. ಹೊಸ ಕಾನೂನು ಮಾಡೋರು ಮಾಡ್ಲಿ, ಬೇಡ ಅನ್ನಲ್ಲ. ರದ್ದಾಗಿದ್ದು ರದ್ದಾಗೇ ಉಳಿಯೋಷ್ಟು ಗೋಂದು ಕೊಡ್ಲಿ. ನನಗಲ್ಲದಿದ್ರೆ, ನನ್ನ ಜಾಗಕ್ಕೆ ಬರೋಳಿಗೆ."